ಕಾಗದದ ಲೆಕ್ಕ, ಕಾಡಿನ ಲೆಕ್ಕ

ಭಾರತ ಮತ್ತು ಇಂಡೊನೇಷ್ಯಾ ದೇಶಗಳ ಕಾಗದದ ವ್ಯಾಪಾರವನ್ನು ಅಕ್ಕಪಕ್ಕ ಇಟ್ಟು ನೋಡಿ, ನಮ್ಮವರಿಗೆ ಛೀಮಾರಿ ಹಾಕುವುದು ಈಚೆಗೆ ಒಂದು ವಾಡಿಕೆಯಾಗಿಬಿಟ್ಟಿದೆ. “ನಾವು ಉಗಿಯಂತ್ರದಿಂದ ಕಾಗದ ತೆಗೆಯುತ್ತಿದ್ದ ಕಾಲಕ್ಕೆ ಅವರಿಗೆ ಗಿರಣಿಯ ಹೆಸರೇ ತಿಳಿದಿರಲಿಲ್ಲ. ಇಂದು ಅವರ ಕಾಗದ, ಅವರ ರಟ್ಟು ನಮ್ಮ ಬಂದರುಗಳಲ್ಲಿ ಬಂದು ಬೀಳುತ್ತಿದೆ. ನಮ್ಮವರು ಮಲಗಿದ್ದರು, ಅವರು ಎದ್ದರು” ಎಂಬುದು ಒಂದು ಪಕ್ಷದ ಮಾತು. ನಮ್ಮ ಗಿರಣಿ ಮಾಲೀಕರ ಮಾತು ಬೇರೆ: “ಅವರಿಗೆ ಅವರ ಸರ್ಕಾರ ಕಾಡು ಕೊಟ್ಟಿತು, ನಮಗೆ ಕೊಡಲಿಲ್ಲ. ಸುಂಕ ಹಾಕಿ, ಇಲ್ಲವೇ ನಮಗೂ ಕಾಡುಭೂಮಿ ಕೊಡಿ.” ಮೂರನೆಯದು ನಮ್ಮ ಸಂಘದ ಸದಸ್ಯರ ಬಾಯಲ್ಲೇ ಕೇಳಿದ್ದು: “ಹೊರಗಿನ ಕಾಗದ ಅಗ್ಗಕ್ಕೆ ಸಿಕ್ಕರೆ ತಪ್ಪೇನು? ನಮ್ಮ ಸಹ್ಯಾದ್ರಿಯಾದರೂ ಉಳಿಯಿತಲ್ಲ!”

ಈ ಮೂರು ವಾದಗಳೂ ಅರ್ಧ ಲೆಕ್ಕದ ವಾದಗಳು ಎಂಬುದು ನಮ್ಮ ಅಭಿಪ್ರಾಯ. ಮೂರನ್ನೂ ನಾವು ಒಪ್ಪುವುದಿಲ್ಲ. ಕೊನೆಯದನ್ನಂತೂ, ಅದನ್ನು ಆಡಿದವರು ನಮ್ಮ ಆಪ್ತರೇ ಆದರೂ, ಬಿಲ್‌ಕುಲ್ ಒಪ್ಪುವುದಿಲ್ಲ.

ಮೊದಲು ‘ಮಲಗಿದ್ದರು’ ಎಂಬ ಆರೋಪವನ್ನು ನೋಡೋಣ. ಕಲ್ಕತ್ತೆಯಲ್ಲಿರುವ ನಮಗೆ ಇದನ್ನು ಪರೀಕ್ಷಿಸಲು ದೂರ ಹೋಗಬೇಕಾಗಿಲ್ಲ. ಹೂಗ್ಲಿಯ ಆಚೆ ದಂಡೆಯ ಶ್ರೀರಾಮಪುರದಲ್ಲಿ ವಿಲಿಯಂ ಕೇರಿಯ ಮಂಡಲಿಯವರು 1820ರಲ್ಲಿಯೇ ಕಾಗದದ ಗಿರಣಿಗೆ ಉಗಿಯಂತ್ರ ತರಿಸಿದ್ದರು. (ಅದೇ ಶ್ರೀರಾಮಪುರದಿಂದ 1817ರಲ್ಲಿ ಕೇರಿಯ ಕನ್ನಡ ವ್ಯಾಕರಣ ಅಚ್ಚಾಗಿ ಹೊರಬಂದಿತ್ತು. ಕನ್ನಡದ ಅಚ್ಚಿನ ಮೊಳೆಗಳು ಬಂಗಾಳದ ನೀರು ಕುಡಿದವು ಎಂಬುದನ್ನು ನಮ್ಮ ಮಕ್ಕಳಿಗೆ ಹೇಳಿ. ಲೋಕಲ್ ರೈಲಿನಲ್ಲಿ ಅರ್ಧ ದಿನದ ಪ್ರವಾಸ.) ಆಮೇಲೆ ಬಾಲಿಯಲ್ಲಿ ಗಿರಣಿ ಬಂತು, 1882ರಲ್ಲಿ ಟಿಟಾಗಢ ಕಂಪನಿ ಹುಟ್ಟಿತು, ಅನಂತರ ರಾಣಿಗಂಜ್, ಕಾಂಕಿನಾರಾ. ಚಿಂದಿ ಬಟ್ಟೆ, ಸೆಣಬಿನ ಕಸ, ಸಬಾಯಿ ಹುಲ್ಲು—ಇವೇ ಆಗಿನ ಕಚ್ಚಾ ಸಾಮಗ್ರಿ. ಮರದ ತಿರುಳು ಬೇಕೆಂದಾಗ ಯೂರೋಪಿನಿಂದ ಹಡಗಿನಲ್ಲಿ ಬರುತ್ತಿತ್ತು.

1925ರಲ್ಲಿ ಬ್ರಿಟಿಷ್ ಸರ್ಕಾರ ಒಂದು ಕಾಯಿದೆ ಮಾಡಿತು. ಅದರ ಹೆಸರನ್ನು ಗಮನಿಸಬೇಕು: ‘ಬಿದಿರು ಕಾಗದ ಉದ್ಯಮ ರಕ್ಷಣಾ ಕಾಯಿದೆ’. ಹೊರಗಿನ ಬರೆಯುವ ಮತ್ತು ಅಚ್ಚಿನ ಕಾಗದಕ್ಕೆ ಪೌಂಡಿಗೆ ಒಂದಾಣೆ ಸುಂಕ. ವೃತ್ತಪತ್ರಿಕೆಗಳ ಕಾಗದಕ್ಕೆ ವಿನಾಯಿತಿ. ರಕ್ಷಣೆ ಕೊಟ್ಟಿದ್ದು ‘ಕಾಗದ’ ಎಂಬ ಸರಕಿಗೆ ಮಾತ್ರವಲ್ಲ, ಅದು ಯಾವುದರಿಂದ ಆಗುತ್ತದೆಯೋ ಆ ಬಿದಿರಿಗೆ. ಅಂದರೆ ಸುಂಕದ ಲೆಕ್ಕದೊಳಗೆ ಕಚ್ಚಾ ಸಾಮಗ್ರಿಯ ಹೆಸರು ಬಂದಿತ್ತು. ನೂರು ವರ್ಷದ ಹಿಂದಿನ ಪರಕೀಯ ಸರ್ಕಾರಕ್ಕೆ ಹೊಳೆದ ಈ ಸಂಗತಿ ಇಂದಿನ ನಮ್ಮ ಅರ್ಥಶಾಸ್ತ್ರಜ್ಞರಿಗೆ ಹೊಳೆಯದಿರುವುದು ಸೋಜಿಗವೇ ಸರಿ. ಇರಲಿ, ಆ ಮಾತಿಗೆ ಮುಂದೆ ಬರೋಣ.

1951ರಲ್ಲಿ ಭಾರತದಲ್ಲಿ 17 ಗಿರಣಿಗಳಿದ್ದವು. ಒಟ್ಟು ಸಾಮರ್ಥ್ಯ ವರ್ಷಕ್ಕೆ 1 ಲಕ್ಷ 37 ಸಾವಿರ ಟನ್ನು. ಇಂಡೊನೇಷ್ಯಾದಲ್ಲಿ ಆಗ ಹೆಸರಿಗೆ ಡಚ್ಚರ ಕಾಲದ ಪಾದಲಾರಾಂಗ್ ಮತ್ತು ಲೆಚೆಸ್ ಗಿರಣಿಗಳು, ಅವೂ ಜಾವಾದ್ವೀಪದ ಬತ್ತದ ಹುಲ್ಲನ್ನು ಅರೆದು ಕಾಗದ ಮಾಡುವಂಥವು. ಅಲ್ಲಿಂದ ಹೊರಟ ಆ ದೇಶ ಜಗತ್ತಿನ ದೊಡ್ಡ ರಫ್ತುದಾರರ ಸಾಲಿಗೆ ಬಂದದ್ದು ಹೇಗೆ? ನಾವು ಎರಡು ಕೋಟಿ ಟನ್ನು ಮೀರಿ ಕಾಗದ ಮಾಡುತ್ತಿದ್ದರೂ 2023–24ರಲ್ಲಿ ಸುಮಾರು 19 ಲಕ್ಷ ಟನ್ನು ಆಮದು ಮಾಡಿಕೊಂಡದ್ದು ಏಕೆ? ಬರೀ ದುಡಿಮೆ, ಬುದ್ಧಿವಂತಿಕೆ ಎಂದರೆ ಉತ್ತರ ಮುಗಿಯುವುದಿಲ್ಲ.

ಉತ್ತರದ ಮೊದಲ ಅಧ್ಯಾಯ ನಮ್ಮ ಕನ್ನಡ ನಾಡಿನಲ್ಲಿಯೇ ಇದೆ. 1955ರಲ್ಲಿ ಸ್ಥಾಪನೆಯಾದ ದಾಂಡೇಲಿಯ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ 1959ರಲ್ಲಿ ಕಾಗದ ತಯಾರಿಕೆ ಆರಂಭಿಸಿತು. ಮಾಲೀಕರು ಈ ಊರಿನ ಬಂಗೂರರು: ಕಾರ್ಖಾನೆ ಕಾಳೀನದಿಯ ದಂಡೆಯಲ್ಲಿ, ಕಚೇರಿ ಚೌರಂಗಿಯಲ್ಲಿ. ದಾಂಡೇಲಿಯ ಕಾಲೋನಿಗೆ ‘ಬಂಗೂರ್ ನಗರ’ ಎಂದೇ ಹೆಸರು. ಉತ್ತರ ಕನ್ನಡದ ಬಿದಿರನ್ನು ಸರ್ಕಾರ ಈ ಕಾರ್ಖಾನೆಗೆ ಪೇಟೆಯ ದರಕ್ಕೆ ಹೋಲಿಸಿದರೆ ಪುಕ್ಕಟೆ ಎನ್ನಬಹುದಾದ ದರಕ್ಕೆ ಕೊಟ್ಟಿತು. ಬುಟ್ಟಿ ಹೆಣೆಯುವ ಮೇದಾರನಿಗೆ ಒಂದು ದರ, ಗಿರಣಿಗೆ ಇನ್ನೊಂದು ದರ, ಮೇದಾರನದೇ ಹೆಚ್ಚು! ಕಾಡಿನಲ್ಲಿ ಬಿದಿರು ಎಷ್ಟಿದೆ ಎಂಬ ಅಂದಾಜೂ ಉಬ್ಬಿಸಿದ್ದಾಗಿತ್ತು.

ಮಾಧವ ಗಾಡ್ಗೀಳರು ಮತ್ತು ಅವರ ಸಂಗಡಿಗರು ಈ ಕಾಡುಗಳಲ್ಲಿ ತಿರುಗಾಡಿ ಕಂಡುಕೊಂಡ ಒಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು. ಬಿದಿರು ಮೆಳೆಯ ಬುಡದಲ್ಲಿ ಮುಳ್ಳಿನ ಹೊದಿಕೆ ಇರುತ್ತದಲ್ಲ, ಅದನ್ನು ಗಿರಣಿಯ ಕಡೆಯವರು ಸವರಿಬಿಡುತ್ತಿದ್ದರು—ಕಡಿಯಲು ಅನುಕೂಲ, ಮೆಳೆಗೂ ಒಳ್ಳೆಯದು ಎಂಬ ಶಾಸ್ತ್ರ ಹೇಳಿ. ಊರವರು ಹೇಳುತ್ತಿದ್ದುದು ಬೇರೆ: ಆ ಮುಳ್ಳೇ ಎಳೆಯ ಕಳಲೆಗೆ ಬೇಲಿ, ಮುಳ್ಳು ಹೋದರೆ ದನ, ಕಾಡುಪ್ರಾಣಿ ಬಂದು ಕಳಲೆ ಮೇಯುತ್ತವೆ, ಮೆಳೆ ಸಾಯುತ್ತದೆ. ಲೆಕ್ಕ ಹಾಕಿ ನೋಡಿದಾಗ ಊರವರ ಮಾತೇ ನಿಜವಾಯಿತು. ಹತ್ತಿರದ ಬಿದಿರು ತೀರಿತು. ಗಿರಣಿ ದೂರದೂರದ ರಾಜ್ಯಗಳಿಂದ ಬಿದಿರು ತರಿಸಿತು. ಕ್ರಮೇಣ ಬಿದಿರನ್ನು ಬಿಟ್ಟು ಮರಕ್ಕೆ ತಿರುಗಿತು. ಅದೇ ಗಿರಣಿ ಇಂದು ರೈತರ ಹೊಲದ ಸುಬಾಬುಲ್, ಗಾಳಿಮರಗಳನ್ನು ಕೊಳ್ಳುತ್ತದೆ, ಸಸಿಗಳನ್ನೂ ಒದಗಿಸುತ್ತದೆ ಎಂಬುದನ್ನು ನ್ಯಾಯವಾಗಿ ಹೇಳಬೇಕು. ಆದರೆ ಈ ಬುದ್ಧಿ ತಾನಾಗಿ ಬಂದದ್ದಲ್ಲ. ಕಾಡು ಬರಿದಾದ ಮೇಲೆ ಬಂದದ್ದು, ಮತ್ತು ಒಂದು ಸರ್ಕಾರಿ ನಿರ್ಧಾರದಿಂದ ಬಂದದ್ದು.

ಆ ನಿರ್ಧಾರವೇ 1988ರ ರಾಷ್ಟ್ರೀಯ ಅರಣ್ಯ ನೀತಿ. ಕಾಡಿನ ಉತ್ಪನ್ನವನ್ನು ಕಾರ್ಖಾನೆಗಳಿಗೆ ರಿಯಾಯಿತಿ ದರಕ್ಕೆ ಕೊಡುವ ಪದ್ಧತಿ ನಿಲ್ಲಬೇಕು, ಕಾರ್ಖಾನೆಗಳು ತಮಗೆ ಬೇಕಾದ ಮರವನ್ನು ರೈತರೊಡನೆ ಸೇರಿ ಬೆಳೆಸಿಕೊಳ್ಳಬೇಕು, ಸಹಜಾರಣ್ಯ ಕಾರ್ಖಾನೆಗಳ ತೋಟಕ್ಕಲ್ಲ ಎಂದು ಆ ನೀತಿ ಸ್ಪಷ್ಟವಾಗಿ ಹೇಳಿತು. ಎಲ್ಲ ಕಡೆ ಅದರಂತೆ ನಡೆಯಿತೆಂದು ನಾವು ಹೇಳುವುದಿಲ್ಲ. ಆದರೂ ಬಾಗಿಲು ಮುಚ್ಚಿತು.

ನಾವು ಬಾಗಿಲು ಮುಚ್ಚಿದ ಅದೇ 1988ರಲ್ಲಿ ಇಂಡೊನೇಷ್ಯಾದ ಬಾಗಿಲು ತೆರೆದುಕೊಳ್ಳುತ್ತಿತ್ತು. ಬೋಗೋರಿನ ಅಂತರರಾಷ್ಟ್ರೀಯ ಅರಣ್ಯ ಸಂಶೋಧನಾ ಕೇಂದ್ರಕ್ಕಾಗಿ ಕ್ರಿಸ್ಟಫರ್ ಬಾರ್ 2001ರಲ್ಲಿ ಬರೆದ ವರದಿಯ ಅಂಕಿಗಳನ್ನು ನೋಡಿ. 1988ರಿಂದ 1999ರವರೆಗಿನ ಹನ್ನೊಂದು ವರ್ಷದಲ್ಲಿ ಆ ದೇಶದ ತಿರುಳಿನ ಸಾಮರ್ಥ್ಯ 6 ಲಕ್ಷ ಟನ್ನಿನಿಂದ 49 ಲಕ್ಷ ಟನ್ನಿಗೆ ಏರಿತು. ಕಾಗದದ ಸಾಮರ್ಥ್ಯ 12 ಲಕ್ಷದಿಂದ 83 ಲಕ್ಷಕ್ಕೆ. ಇದಕ್ಕೆ ಬೇಕಾದ ಮರ ಎಲ್ಲಿಂದ ಬಂತು? ತೋಟಗಳಿಂದ ಬಂದದ್ದು ನೂರಕ್ಕೆ ಎಂಟು ಪಾಲು ಮಾತ್ರ. ಉಳಿದದ್ದೆಲ್ಲ ಸಹಜಾರಣ್ಯ—ಅದರಲ್ಲೂ ಸುಮಾತ್ರಾ ದ್ವೀಪದ ರಿಯಾವು ಪ್ರಾಂತದ್ದು ದೊಡ್ಡ ಪಾಲು. ಕಾಡು ಬೆಳೆಸಲೆಂದು ಮರ ಕಡಿಯುವವರಿಂದ ಸಂಗ್ರಹಿಸಿದ ನಿಧಿಯೇ ಸುಹಾರ್ತೋ ಸರ್ಕಾರದ ಕಾಲದಲ್ಲಿ ಈ ಕಂಪನಿಗಳ ತೋಟಗಳಿಗೆ ಹೋಯಿತು. ತೋಟ ಮಾಡಲು ಮೊದಲು ಕಾಡನ್ನು ಬೋಳಿಸಬೇಕಷ್ಟೆ. ಬೋಳಿಸಿದ ಮರ ಗಿರಣಿಗೆ ಹೋಯಿತು. ಬೇಲಿಯೇ ಎದ್ದು ಹೊಲ ಮೇಯ್ದದ್ದು ಎಂದರೆ ಇದು.

ಆ ಗಿರಣಿಗಳು ಲಾಭದಿಂದ ಕಟ್ಟಿದವೂ ಅಲ್ಲ. ಸಾಲದಿಂದ ಕಟ್ಟಿದವು. ಅಲ್ಲಿನ ದೊಡ್ಡ ಕಾಗದದ ಸಮೂಹವಾದ ಏಷಿಯಾ ಪಲ್ಪ್ ಅಂಡ್ ಪೇಪರ್ 2001ರಲ್ಲಿ ಸುಮಾರು 1,400 ಕೋಟಿ ಡಾಲರ್ ಸಾಲದ ಮರುಪಾವತಿಯನ್ನು ನಿಲ್ಲಿಸಿತು. ಹೊರದೇಶದ ಸಾಲಗಾರರಿಗೆ ನಾಮ ಬಿತ್ತು. ಗಿರಣಿ ಮಾತ್ರ ಓಡುತ್ತಲೇ ಇತ್ತು, ಮರ ಬೇಡುತ್ತಲೇ ಇತ್ತು. 2013ರಲ್ಲಿ ಆ ಸಮೂಹ, ಇನ್ನು ಮುಂದೆ ಸಹಜಾರಣ್ಯ ಕಡಿಯುವುದಿಲ್ಲ ಎಂದು ಘೋಷಿಸಿತು. ಒಳ್ಳೆಯದೇ. ಆದರೆ ಆ ಹೊತ್ತಿಗೆ ಕಾಡಿದ್ದ ಜೌಗುನೆಲದಲ್ಲಿ ಕಾಲುವೆ ತೋಡಿ ನೀರು ಬಸಿದಾಗಿತ್ತು. ಸಾವಿರಾರು ವರ್ಷ ನೀರಿನಡಿ ಕೂಡಿಬಿದ್ದ ಎಲೆ-ಬೇರುಗಳ ಮಣ್ಣು ಅದು; ಒಣಗಿದರೆ ಸೌದೆ. 2015ರಲ್ಲಿ ಇಂಡೊನೇಷ್ಯಾದಲ್ಲಿ 26 ಲಕ್ಷ ಹೆಕ್ಟೇರ್ ನೆಲ ಸುಟ್ಟಿತು. ನಷ್ಟ 1,600 ಕೋಟಿ ಡಾಲರ್ ಎಂದು ವಿಶ್ವಬ್ಯಾಂಕ್ ಅಂದಾಜು ಮಾಡಿತು. ತಾಳೆಎಣ್ಣೆಯ ತೋಟದವರ ಪಾಲೂ ಇದರಲ್ಲಿ ಸಾಕಷ್ಟಿದೆ, ಎಲ್ಲವನ್ನೂ ಕಾಗದದ ತಲೆಗೆ ಕಟ್ಟುವುದು ತಪ್ಪು. ಆದರೆ ಒಂದು ರೀಮು ಕಾಗದದ ಬೆಲೆಯಲ್ಲಿ ಆ ಹೊಗೆಯ ಒಂದು ಪೈಸೆಯೂ ಸೇರಿಲ್ಲ.

ಈಗ ಹೇಳಿ, ನಮ್ಮವರು ಮಲಗಿದ್ದರೋ? ದಾಂಡೇಲಿಯಲ್ಲಿ ನಾವು 1950–60ರ ದಶಕಗಳಲ್ಲಿ ಮಾಡಿದ್ದನ್ನೇ ಅವರು 1990ರ ದಶಕದಲ್ಲಿ ಹತ್ತುಪಟ್ಟು ದೊಡ್ಡದಾಗಿ ಮಾಡಿದರು. ಕಾಡನ್ನು ಪುಕ್ಕಟೆ ಕೊಟ್ಟರೆ ಯಾವ ದೇಶದ ಕಾಗದ ಅಗ್ಗವಾಗುವುದಿಲ್ಲ?

ಇನ್ನು ಮಾಲೀಕರ ವಾದ. ಆಸಿಯಾನ್ ದೇಶಗಳೊಡನೆ ನಮ್ಮ ಸರಕು ಒಪ್ಪಂದ 2010ರ ಜನವರಿಯಲ್ಲಿ ಜಾರಿಗೆ ಬಂತು. ಹಂತಹಂತವಾಗಿ ಇಳಿದ ಕಾಗದದ ಸುಂಕ 2014ರ ಜನವರಿ 1ಕ್ಕೆ ಸೊನ್ನೆಯಾಯಿತು. ಆಮೇಲೆ ದೂರುಗಳ ಮೇಲೆ ದೂರು. 2018ರ ಕೊನೆಯಲ್ಲಿ ಇಂಡೊನೇಷ್ಯಾ, ಥಾಯ್ಲೆಂಡ್, ಸಿಂಗಪುರಗಳಿಂದ ಬರುವ ಜೆರಾಕ್ಸ್ ಕಾಗದದ ಮೇಲೆ, ತೀರಾ ಅಗ್ಗಕ್ಕೆ ಸುರಿಯುತ್ತಿದ್ದಾರೆಂದು ವಿಶೇಷ ಸುಂಕ ಹಾಕಲಾಯಿತು. 2025ರ ಆಗಸ್ಟಿನಲ್ಲಿ ಔಷಧಿಯ ಡಬ್ಬಿ, ಸಿಹಿತಿಂಡಿಯ ಡಬ್ಬಿಗಳಿಗೆ ಬಳಸುವ ಹೊಸ ತಿರುಳಿನ ಪದರದ ರಟ್ಟಿಗೆ ಟನ್ನಿಗೆ 67,220 ರೂಪಾಯಿ ಕನಿಷ್ಠ ಆಮದು ಬೆಲೆ ಎಂದು 2026ರ ಮಾರ್ಚ್ ಕೊನೆಯವರೆಗೆ ಗೊತ್ತುಮಾಡಿದರು. ಇವೆಲ್ಲ ಗಾಯಕ್ಕೆ ಪಟ್ಟಿ ಕಟ್ಟುವ ಕೆಲಸಗಳು. ರಟ್ಟಿನ ಬೆಲೆ ಕೇಳುತ್ತವೆ. ಅದು ಯಾವ ಮರದಿಂದ, ಯಾವ ನೆಲದಿಂದ ಬಂತೆಂದು ಕೇಳುವುದಿಲ್ಲ. 1925ರ ಕಾಯಿದೆ ಕೇಳಿದ್ದ ಪ್ರಶ್ನೆಯನ್ನೇ ಇವು ಬಿಟ್ಟುಬಿಟ್ಟಿವೆ.

ಮಾಲೀಕರು ‘ನಮಗೆ ಹಾಳುಬಿದ್ದ ಕಾಡುಭೂಮಿಯನ್ನಾದರೂ ಕೊಡಿ’ ಎನ್ನುತ್ತಾರೆ. ಹಾಳುಬಿದ್ದ ಕಾಡು ಎಂದರೆ ಯಾವುದು? ಅಳೆಯುವವರು ಯಾರು? ಇದಕ್ಕೆ ಉತ್ತರ ಬೇಕಾದವರು ಭದ್ರಾವತಿಗೆ ಹೋಗಬೇಕು.

ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1936ರಲ್ಲಿ, ಹುಟ್ಟಿದ ಮೈಸೂರು ಕಾಗದದ ಕಾರ್ಖಾನೆ ನಮ್ಮಲ್ಲಿ ಎಷ್ಟು ಮನೆಗಳಿಗೆ ಅನ್ನ ಹಾಕಿದೆ! ಶಿವಮೊಗ್ಗ ಸೀಮೆಯಿಂದ ಬಂದ ನಮ್ಮ ಸದಸ್ಯರು ಕೆಲವರಿಗೆ ‘ಪೇಪರ್ ಟೌನ್’ ಎಂದರೆ ತೌರು. 1977ರಲ್ಲಿ ಅದು ಸರ್ಕಾರಿ ಕಂಪನಿಯಾಯಿತು. 1980ರ ದಶಕದ ಆರಂಭದಲ್ಲಿ ವೃತ್ತಪತ್ರಿಕೆಗಳ ಕಾಗದ ತಯಾರಿಕೆ ಶುರುವಾಯಿತು. ಕಬ್ಬಿನ ಸಿಪ್ಪೆಯನ್ನೂ ಬಳಸಿತು, ತನ್ನದೇ ಸಕ್ಕರೆ ಕಾರ್ಖಾನೆಯನ್ನೂ ಇಟ್ಟುಕೊಂಡಿತ್ತು. 2015ರಲ್ಲಿ ಯಂತ್ರಗಳು ನಿಂತವು. ಸುಂಕ ಸೊನ್ನೆಯಾದದ್ದು 2014, ಕಾರ್ಖಾನೆ ನಿಂತದ್ದು 2015—ಈ ಎರಡನ್ನೂ ಗಂಟುಹಾಕಿ ಇಂಡೊನೇಷ್ಯಾದ ಮೇಲೆ ಹೊರೆ ಹೊರಿಸುವುದು ಬಹಳ ಸುಲಭ. ನಾವು ಹಾಗೆ ಮಾಡುವುದಿಲ್ಲ. ಹಳೆಯ ಯಂತ್ರ, ಏರಿದ ಸಾಲ, ವರ್ಷಗಳ ನಷ್ಟ ಇವೆಲ್ಲ ಅದಕ್ಕೆ ಮುಂಚಿನವು. ಇದೇ ಹೂಗ್ಲಿಯ ದಂಡೆಯಲ್ಲಿ ಟಿಟಾಗಢದಂಥ ಗಿರಣಿ ಸೊರಗಿದ್ದು 1980ರ ದಶಕದಲ್ಲಿ, ಆಸಿಯಾನ್ ಒಪ್ಪಂದದ ಹೆಸರೂ ಇಲ್ಲದಿದ್ದಾಗ.

ಭದ್ರಾವತಿಯ ಕಾರ್ಖಾನೆಗೆ ಮರ ಬೆಳೆಯಲೆಂದು ಮಲೆನಾಡಿನಲ್ಲಿ ಸಾವಿರಾರು ಹೆಕ್ಟೇರ್ ಅರಣ್ಯಭೂಮಿಯನ್ನು 1980ರಿಂದ ನಲವತ್ತು ವರ್ಷಗಳ ಗೇಣಿಗೆ ಕೊಡಲಾಗಿತ್ತು. ಅಲ್ಲಿ ಬೆಳೆಸಿದ್ದು ನೀಲಗಿರಿ ಮತ್ತು ಅಕೇಶಿಯಾ. ನಮ್ಮ ನೆಲದ ಮರಗಳಲ್ಲ ಅವು. ಅಕೇಶಿಯಾ ಎಂದರೆ ಸುಮಾತ್ರಾದ ಕಾಗದದ ತೋಟಗಳಲ್ಲಿ ಮೈಲುಗಟ್ಟಲೆ ನಿಂತಿರುವ ಮರದ್ದೇ ಕುಲ. ತೌರು ಆಸ್ಟ್ರೇಲಿಯಾ, ನ್ಯೂಗಿನಿ ಕಡೆ. ಬುಡದಲ್ಲಿ ಹುಲ್ಲು ಹುಟ್ಟದು, ಹಕ್ಕಿಗೆ ಹಣ್ಣಿಲ್ಲ, ದನಕ್ಕೆ ಸೊಪ್ಪಿಲ್ಲ ಎಂದು ಮಲೆನಾಡಿನ ರೈತರು ದೂರುತ್ತಲೇ ಬಂದರು. 2017ರಲ್ಲಿ ನೀಲಗಿರಿ ನೆಡುವುದನ್ನು ರಾಜ್ಯ ಸರ್ಕಾರವೇ ನಿಷೇಧಿಸಿತು. ಆದರೆ ಕಾರ್ಖಾನೆ ಮುಚ್ಚಿ ಐದು ವರ್ಷವಾದ ಮೇಲೆ, 2020ರಲ್ಲಿ, ಅದೇ ಸರ್ಕಾರ ಸುಮಾರು 20,000 ಹೆಕ್ಟೇರಿನ ಗೇಣಿಯನ್ನು ಮತ್ತೆ ನಲವತ್ತು ವರ್ಷ ಮುಂದುವರಿಸಿತು! ಓಡದ ಗಿರಣಿಗೆ ಮರ. ಕೂಸು ಹುಟ್ಟುವ ಮೊದಲು ಕುಲಾವಿ ಎಂಬ ಗಾದೆ ಕೇಳಿದ್ದೇವೆ; ಕೂಸು ಹೋದ ಮೇಲೂ ಕುಲಾವಿ ಹೊಲಿಸಿದ್ದನ್ನು ಇಲ್ಲಿ ಕಂಡೆವು. ‘ನಮ್ಮೂರಿಗೆ ಅಕೇಶಿಯಾ ಮರ ಬೇಡ’ ಎಂದು ಶಿವಮೊಗ್ಗ ಜಿಲ್ಲೆಯ ಜನ ಬೀದಿಗಿಳಿದದ್ದು ಆಗ.

ಆದ್ದರಿಂದಲೇ ಇಂಡೊನೇಷ್ಯಾದ ಹೋಲಿಕೆ ನಮಗೆ ಪುಸ್ತಕದ ವಿಷಯವಲ್ಲ. ‘ಅವರಂತೆ ನಾವೂ ಆಗಬೇಕು’ ಎನ್ನುವವರು ಸಾಗರ-ಹೊಸನಗರದ ಗುಡ್ಡಗಳನ್ನು ರಿಯಾವು ಮಾಡಬೇಕು ಎನ್ನುತ್ತಿದ್ದಾರೆ.

ಈಗ ನಮ್ಮ ಆಪ್ತರ ಮೂರನೆಯ ವಾದಕ್ಕೆ ಬರೋಣ. ಹೊರಗಿನ ಕಾಗದ ತರಿಸೋಣ, ನಮ್ಮ ಕಾಡು ಉಳಿಯಲಿ ಎನ್ನುತ್ತೀರಿ. ನಮ್ಮ ಕಾಡು ಉಳಿಯಲಿ, ಪರರ ಕಾಡು ಉರಿಯಲಿ ಎಂಬುದಕ್ಕೂ ಇದಕ್ಕೂ ಎಷ್ಟು ದೂರ? ಬೆಂಗಳೂರಿನಲ್ಲಿ, ಕಲ್ಕತ್ತೆಯಲ್ಲಿ ಕುಳಿತು ಪರಿಸರದ ಮಾತಾಡುವ ನಾವು, ಸುಮಾತ್ರಾದ ಹಳ್ಳಿಯ ಮಗು ಕುಡಿದ ಹೊಗೆಯನ್ನು ನಯವಾದ ಬಿಳಿ ಹಾಳೆಯ ರೂಪದಲ್ಲಿ ಕೊಂಡು, ಅದರ ಮೇಲೆ ‘ಮರ ಉಳಿಸಿ’ ಎಂದು ಅಚ್ಚು ಹಾಕಿಸುತ್ತೇವೆ. ಅಲ್ಲದೆ ಈ ಆಮದಿನಿಂದ ನಮ್ಮ ಮರ ಉಳಿಯುತ್ತದೆಂಬುದೂ ಪೂರ್ತಿ ನಿಜವಲ್ಲ. ನಮ್ಮ ಗಿರಣಿಗಳ ಕಾಗದದಲ್ಲಿ ಹೆಚ್ಚಿನ ಪಾಲು ರದ್ದಿಯಿಂದಾದದ್ದು. ಮರದ ಕಾಗದಕ್ಕೆ ಬರುವ ಮರ ಬಹುಪಾಲು ರೈತರ ಹೊಲದ್ದು. ಅಗ್ಗದ ಆಮದು ಬಂದು ಗಿರಣಿ ದರ ಇಳಿಸಿದರೆ ಪೆಟ್ಟು ಬೀಳುವುದು ಸಹ್ಯಾದ್ರಿಯ ಮರಕ್ಕಲ್ಲ, ಬರಡು ಹೊಲದಲ್ಲಿ ನಾಲ್ಕು ವರ್ಷ ಕಾದು ಸುಬಾಬುಲ್ ಬೆಳೆಸಿದ ರೈತನಿಗೆ. ಅವನು ಬೇಸತ್ತು ಆ ಬೆಳೆ ಬಿಟ್ಟ ಮೇಲೆ ಮಾಲೀಕರು ಮತ್ತೆ ಕಾಡಿನ ಕಡೆ ಕೈ ತೋರಿಸುತ್ತಾರೆ.

ರಫ್ತಿನ ಹೆಗ್ಗಳಿಕೆಯ ಬಗ್ಗೆಯೂ ಒಂದು ಮಾತು. 2021–22ರಲ್ಲಿ ನಮ್ಮ ಕಾಗದ-ರಟ್ಟಿನ ರಫ್ತು ಶೇಕಡ 80ರಷ್ಟು ಏರಿ 13,963 ಕೋಟಿ ರೂಪಾಯಿ ಮುಟ್ಟಿತೆಂದು ಪತ್ರಿಕೆಗಳು ಬರೆದವು. ರೂಪಾಯಿಯಲ್ಲಿ ಅಳೆದರೆ ಹಾಗೆ. ಆ ವರ್ಷ ಜಗತ್ತಿನಾದ್ಯಂತ ಕಾಗದದ ಬೆಲೆ ಏರಿತ್ತು ಎಂಬುದನ್ನೂ ಸೇರಿಸಬೇಕಿತ್ತು. ಚೀನಾ ದೇಶ 2021ರ ಜನವರಿಯಿಂದ ಹೊರಗಿನ ರದ್ದಿಯನ್ನೇ ತನ್ನ ಗಡಿಯೊಳಗೆ ಬಿಟ್ಟುಕೊಳ್ಳಲಿಲ್ಲ. ಆಗ ಅಮೆರಿಕಾ, ಯೂರೋಪುಗಳ ರದ್ದಿಯನ್ನು ನಾವು ತರಿಸಿ, ತೊಳೆದು, ಕಂದು ಕಾಗದದ ಸುರುಳಿ ಮಾಡಿ ಚೀನಾಕ್ಕೆ ಕಳಿಸಿದೆವು. ತೊಳೆದ ಕೊಳಕು ನೀರು ನಮ್ಮಲ್ಲಿ ಉಳಿಯಿತು. ಇಲ್ಲಿ ಡಬ್ಬಿ ತಯಾರಿಸುವ ಸಣ್ಣ ಕಾರ್ಖಾನೆಗಳವರು ಕಂದು ಕಾಗದ ಸಿಗದೆ, ಸಿಕ್ಕರೂ ದರ ಕೊಡಲಾಗದೆ ಬಾಯಿ ಬಾಯಿ ಬಡಿದುಕೊಂಡರು. ಇದನ್ನು ರಫ್ತಿನ ವಿಜಯ ಎನ್ನುವವರಿಗೆ ನಮಸ್ಕಾರ.

ಹಾಗಾದರೆ ಏನು ಮಾಡಬೇಕೆಂದು ಕೇಳುತ್ತೀರಿ. ಕೇಂದ್ರ ಸರ್ಕಾರ ಮಾಡಬೇಕಾದದ್ದು ಒಂದಿದೆ. ಆಸಿಯಾನ್ ಒಪ್ಪಂದವನ್ನು ಮರುಪರಿಶೀಲಿಸಲು 2023ರಲ್ಲಿ ಎರಡೂ ಕಡೆಯವರು ಒಪ್ಪಿದರು. ಆ ಮೇಜಿನ ಮೇಲೆ ಕಾಗದದ ಬೆಲೆಯ ಜೊತೆಗೆ ಅದರ ಮೂಲವೂ ಬರಬೇಕು: ಯಾವ ನೆಲದ ಮರ, ಯಾವಾಗ ಕಾಡು ಕಡಿದು ಮಾಡಿದ ತೋಟ ಎಂದು ತೋರಿಸಿದ ಕಾಗದಕ್ಕೆ ಒಂದು ದರದ ಸುಂಕ, ತೋರಿಸಲಾಗದ್ದಕ್ಕೆ ಇನ್ನೊಂದು. ಇದೇ ನಿಯಮ ನಮ್ಮ ಗಿರಣಿಗಳಿಗೂ ಇರಲಿ. ಹೊಲದ ಮರ, ಕಬ್ಬಿನ ಸಿಪ್ಪೆ, ಊರಿನ ರದ್ದಿ ಬಳಸಿದವರಿಗೆ ತೆರಿಗೆಯಲ್ಲಿ ಕಡಿತ ಕೊಡಿ. ಗಿರಣಿಗೆ ರಕ್ಷಣೆ ಬೇಡವೆಂದು ನಾವು ಹೇಳುತ್ತಿಲ್ಲ. ಆದರೆ ರಕ್ಷಣೆಗೆ ಬದಲಾಗಿ ಕಾಡನ್ನು ಕೇಳುವ ಹಕ್ಕು ಅವರಿಗಿಲ್ಲ.

ನಾವು ಮಾಡಬೇಕಾದದ್ದೂ ಇದೆ, ಅದು ಸಣ್ಣದು. ನಮ್ಮ ಓಣಿಯಲ್ಲಿ ಕೂಗುತ್ತ ಬರುವ ಬಿಕ್ರಿವಾಲಾನಿಗೆ ಹಳೆಯ ಪೇಪರನ್ನು ಎಣ್ಣೆ, ಸಾರು ಸೋಕಿಸದೆ ಕೊಡುವುದು. ಈ ಊರಿನಲ್ಲಿ ಒಂದು ಪತ್ರಿಕೆ ಬೆಳಿಗ್ಗೆ ಓದಿಗೆ, ತಿಂಗಳು ಕಳೆದು ಮುರಿ ತುಂಬುವ ಠೋಂಗಾಕ್ಕೆ, ಹೀಗೆ ಎರಡೆರಡು ಜನ್ಮ ಎತ್ತುತ್ತದೆ. ಬಡ ಹೆಂಗಸರು ಮನೆಯಲ್ಲಿ ಕುಳಿತು ಅಂಟು ಹಚ್ಚಿ ಅದನ್ನು ಮಡಿಸುತ್ತಾರೆ. ಇಷ್ಟೊಂದು ಕಾಗದವನ್ನು ಕೈಯಿಂದ ಕೈಗೆ ದಾಟಿಸಬಲ್ಲ ದೇಶ ರದ್ದಿಗಾಗಿ ಅಮೆರಿಕಾದ ಹಡಗಿಗೆ ಕಾಯುತ್ತಿರುವುದು ನಮಗಂತೂ ಅರ್ಥವಾಗದು.

ಈ ಪತ್ರಿಕೆಯ ಕಾಗದದ ವಿಷಯವೂ ಚರ್ಚೆಗೆ ಬರುವುದರಿಂದ, ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಎರಡು ಠರಾವುಗಳನ್ನು ಮಂಡಿಸುತ್ತಿದ್ದೇವೆ. ಮೊದಲನೆಯದು, ಕಾರ್ಖಾನೆಯ ಹೆಸರಿನ ಮಲೆನಾಡಿನ ಅರಣ್ಯಭೂಮಿಯಲ್ಲಿ ಇನ್ನು ಅಕೇಶಿಯಾ ನೆಡಬಾರದು, ಅಲ್ಲಿ ನಾಡಿನ ಮರಗಳು ಬೆಳೆಯಬೇಕು ಎಂದು ಕರ್ನಾಟಕ ಸರ್ಕಾರಕ್ಕೆ ಸಂಘದ ಪರವಾಗಿ ಪತ್ರ ಬರೆಯುವುದು. ಎರಡನೆಯದು, ನಮ್ಮ ಪತ್ರಿಕೆಯನ್ನು ರದ್ದಿಯಿಂದ ತಯಾರಾದ ದೇಶೀ ಕಾಗದದಲ್ಲಿಯೇ ಅಚ್ಚು ಹಾಕಿಸುವುದು. ಕಾಗದ ಸ್ವಲ್ಪ ಮಾಸಲಾಗಿರುತ್ತದೆ, ಫೋಟೋಗಳು ಅಷ್ಟು ಚೆನ್ನಾಗಿ ಮೂಡುವುದಿಲ್ಲ. ರಾಜ್ಯೋತ್ಸವ ಸಂಚಿಕೆಗೆ ಮಾತ್ರ ವಿನಾಯಿತಿ ಕೇಳುವವರು ಇದ್ದೇ ಇರುತ್ತಾರೆ. ಅವರು ತಮ್ಮ ತಿದ್ದುಪಡಿಯನ್ನು ಸಭೆಗೆ ಮೂರು ದಿನ ಮುಂಚೆ ಬರೆದು ಕಾರ್ಯದರ್ಶಿಗಳ ಕೈಗೆ ತಲುಪಿಸಬೇಕೆಂದು ಕೋರುತ್ತೇವೆ.